ಓಡುವ ಚಡ್ಡಿ

ಗುರುಪಾದ ಮುತ್ತಗಿ ವಿಜಯಪುರದ ಮೈದಾನದಲ್ಲಿ ಓಡಿದ ದಿನ ಗೋಳಗುಮ್ಮಟ ಒಂದು ಗೇಣು ಪಕ್ಕಕ್ಕೆ ಸರಿಯಿತು. ನಂಬದವರು ಹೋಗಿ ಅಳೆದುಕೊಳ್ಳಬಹುದು. ಗುರುಪಾದನೆಂದರೆ ಆಟೊ ಹತ್ತಿದರೆ ಚಾಲಕನೇ ಇಳಿಯಬೇಕಾದಂಥ ಆಸಾಮಿ. ಸೈನ್ಯದ ಭರ್ತಿಗೆ ಹಿಂದೆ ಬಂದಾಗಲೆಲ್ಲ ಮೊದಲ ಸುತ್ತು ಮುಗಿಯುವ ಮೊದಲೇ ಅವನನ್ನು ಸ್ಟ್ರೆಚರಿನ ಮೇಲೆ ಹೊರಗೆ ತರುತ್ತಿದ್ದರು. ಹೊತ್ತವರಿಗೆ ಇನ್ನೊಂದು ಸ್ಟ್ರೆಚರ್ ಬೇಕಾಗುತ್ತಿತ್ತು. ಅಂಥವನು ಈ ಸಲ ಜಿಂಕೆ ನಾಚುವಂತೆ ಓಡಿ, ಗೆರೆ ದಾಟಿ, ನೀರು ಕೂಡ ಕೇಳದೆ ನಿಂತ. ಹಣೆಯ ಮೇಲೆ ಬೆವರಿನ ಹನಿಯಿರಲಿಲ್ಲ.

ಓಡಿದ್ದು ಅವನಲ್ಲ, ಅವನು ಹಾಕಿಕೊಂಡಿದ್ದ ಚಡ್ಡಿ ಎಂಬುದು ಮೈದಾನಕ್ಕೆಲ್ಲ ಗೊತ್ತಿತ್ತು.

ಕಾಗದದ ಮೇಲೆ ಅದಕ್ಕೆ ‘ಗತಿಸಹಾಯಕ ಉಡುಪು’ ಎಂಬ ಮಾರುದ್ದದ ಹೆಸರಿತ್ತು. ಕಂಡುಹಿಡಿದವರು ಸರಕಾರಿ ಪ್ರಯೋಗಾಲಯದ ಡಾ. ಹೈಮವತಿ ಇಟಗಿ. ನಾವು ಕಾಲೆತ್ತಬೇಕೆಂದು ಬಯಸಿದಾಗ ಮಿದುಳಿನಿಂದ ಸ್ನಾಯುವಿಗೆ ಒಂದು ಆಜ್ಞೆ ಹೋಗುತ್ತದೆ. ಅದರ ಸಣ್ಣ ವಿದ್ಯುತ್ ಅಲೆ ಚರ್ಮದ ಮೇಲೂ ಸುಳಿಯುತ್ತದೆ. ಚಡ್ಡಿಯ ಒಳಪದರ ಆ ಅಲೆಯನ್ನು ಓದುತ್ತದೆ. ಹೊರಪದರದಲ್ಲಿ ಸುರುಳಿ ಹೊಸೆದ ನೈಲಾನ್ ಎಳೆಗಳಿವೆ. ವಿದ್ಯುತ್ ಹರಿದು ಬಿಸಿಯಾದರೆ ಅವು ಥೇಟ್ ಸ್ನಾಯುವಿನಂತೆ ಕುಗ್ಗುತ್ತವೆ, ಆರಿದರೆ ಹಿಗ್ಗುತ್ತವೆ. ಕಾಲಿನ ಬಲ ಎಲ್ಲಿ ಸೋಲುತ್ತದೆಯೋ ಅಲ್ಲಿಂದ ಚಡ್ಡಿಯ ಬಲ ಶುರು. ಹೈಮವತಿ ಅದನ್ನು ಮಾಡಿದ್ದು ಮಂಡಿನೋವಿನ ಮುದುಕಿಯರಿಗಾಗಿ. ಗದಗಿನ ಮುದುಕಿಯೊಬ್ಬಳು ಅದನ್ನು ಹಾಕಿಕೊಂಡು ಸಂತೆಗೆ ಹೊರಟವಳು ಜಿಗಿತದ ಭರಕ್ಕೆ ಹುಬ್ಬಳ್ಳಿ ಮುಟ್ಟಿ, ಅಲ್ಲೇ ತರಕಾರಿ ಕೊಂಡು ಬಂದಳಂತೆ.

ಆಗ ಇಸವಿ ಎರಡು ಸಾವಿರದ ಐವತ್ತೆಂಟು. ಸೈನ್ಯಕ್ಕೆ ಜನ ಸಿಗುತ್ತಿರಲಿಲ್ಲ. ಬಂದವರು ಓಡುತ್ತಿರಲಿಲ್ಲ. ಮೊದಲು ಓಟದ ಸಮಯ ಸಡಿಲಿಸಿದರು, ಆಮೇಲೆ ಎದೆಯಳತೆ ಬಿಟ್ಟರು, ಆಮೇಲೆ ಕಂಬಿ ಹಿಡಿದು ಮೈ ಎತ್ತುವ ಬದಲು ಕಂಬಿಯನ್ನು ಮುಟ್ಟಿದರೆ ಸಾಕೆಂದರು. ಮುಟ್ಟಲು ಸ್ಟೂಲು ಕೇಳಿದವರೂ ಇದ್ದರು. ಅಷ್ಟರಲ್ಲಿ ಸೈನ್ಯದ ಯಾರದೋ ಕಣ್ಣಿಗೆ ಮುದುಕಿಯರ ಚಡ್ಡಿ ಬಿತ್ತು; ಭರ್ತಿಗೆ ಬಂದವರಿಗೆಲ್ಲ ಅದನ್ನು ತೊಡಿಸಿದರು.

ಒಂದು ವರ್ಷ ಕಳೆಯಿತು. ಚಡ್ಡಿಯ ಬಗ್ಗೆ ತರಬೇತಿ ಕೇಂದ್ರದಿಂದ ಒಂದೇ ಒಂದು ದೂರು ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪೇಢೆ ಹಂಚುತ್ತಿದ್ದರು. ಹೈಮವತಿಗೆ ಅನುಮಾನ ಹತ್ತಿತು. ಸಿಪಾಯಿಗಳು ಅನ್ನವನ್ನು ದೂರುತ್ತಾರೆ, ಬೂಟನ್ನು ದೂರುತ್ತಾರೆ, ಹೊತ್ತು ಮೂಡುವ ದಿಕ್ಕನ್ನೂ ದೂರುತ್ತಾರೆ. ದಿನವಿಡೀ ತೊಡೆಗೆ ಅಂಟಿಕೊಂಡಿರುವ ಚಡ್ಡಿಯನ್ನು ಯಾಕೆ ದೂರುವುದಿಲ್ಲ? ಅವರು ಹೇಳದೆ ಕೇಳದೆ ಕೇಂದ್ರಕ್ಕೆ ಬಂದಿಳಿದರು.

ಊಟದ ಶೆಡ್ಡಿನಲ್ಲಿ ಸಿಕ್ಕವನು ಗುರುಪಾದ. ಅವನ ಪಕ್ಕದಲ್ಲಿ ಕಡ್ಡಿಯಂಥ ರಾಜೇಸಾಬ ನದಾಫ. ಸೈನ್ಯದಲ್ಲಿ ಇಬ್ಬಿಬ್ಬರನ್ನು ಜೋಡಿ ಹಾಕುತ್ತಾರೆ; ಒಬ್ಬನ ಜೀವಕ್ಕೆ ಇನ್ನೊಬ್ಬ ಹೊಣೆ. ಇವರಿಬ್ಬರದು ಅಂಥ ಜೋಡಿ.

“ಚಡ್ಡಿ ಹೆಂಗದ?” ಎಂದು ಹೈಮವತಿ ಕೇಳಿದರು.

“ಭಾರಿ ಅದರಿ ಮೇಡಂ,” ಎಂದ ಗುರುಪಾದ, ಬಾಗಿಲ ಕಡೆ ನೋಡುತ್ತ.

“ಖರೆ ಹೇಳಲೇ,” ಎಂದ ರಾಜೇಸಾಬ. “ಇವಗ ಮೊನ್ನಿ ಓಡುವಾಗ ಒಂದಕ್ಕ ಬಂತರಿ. ನಿಂದ್ರಾಕ ನೋಡಿದ. ಚಡ್ಡಿ ನಿಂದರಲಿಲ್ಲ. ಮುಂದಿಂದ ನೀವs ತಿಳಕೋರಿ.”

“ಸುಮ್ನಿರೋ ಮಾರಾಯ.” ಗುರುಪಾದ ದನಿ ತಗ್ಗಿಸಿದ. “ಮೇಡಂ, ಇದನ್ನ ಎಲ್ಲೂ ಬರೀಬ್ಯಾಡ್ರಿ. ಚಡ್ಡಿ ತಗದ್ರ ನಾ ಮನೀಗೇ ಹೋಗಾಂವ. ನಮ್ಮವ್ವ ಓಣಿ ತುಂಬ ನನ್ನ ಫೋಟೊ ತೋರಿಸ್ಯಾಳ.”

ಹೈಮವತಿ ನೇರ ಉಸ್ತಾದ್ ಹತ್ತಿರ ಹೋದರು. ತರಬೇತಿ ಕೊಡುವ ಹವಾಲ್ದಾರನನ್ನು ಅಲ್ಲಿ ಹಾಗೇ ಕರೆಯುತ್ತಾರೆ. ಹೆಸರು ಸಂಕಪಾಳ, ಅವನು ಕೆಮ್ಮಿದರೆ ಪಕ್ಕದ ತಾಲ್ಲೂಕಿನವರು ಅಟೆನ್ಶನ್ ನಿಲ್ಲುತ್ತಿದ್ದರು. ಅವನು ಏನನ್ನೂ ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದ.

“ತುಕಡಿ ಅಂದ್ರ ಒಂದs ಮೈ ರೀ ಮೇಡಂ. ಕಡೀಕ ಬಂದಾವನ ಟೈಮs ಎಲ್ಲಾರ ಟೈಮು. ಮೊದಲ ಹಿಂದ ಬಿದ್ದಾವನ ಬಗಲಾಗ ಕೈ ಹಾಕಿ ಇಬ್ರು ಎಳಕೊಂಡ ಬರ್ತಿದ್ವಿ. ಯಾರನ್ನೂ ಬಿಟ್ಟ ಬರಬಾರದು, ಅದು ನಮ್ಮ ರೀತಿ. ಈಗ ಬಂದಾವ್ರೆಲ್ಲಾ ಹಿಂದ ಬೀಳಾವ್ರs. ಯಾರನ್ನ ಯಾರ ಎಳೀಬೇಕು? ಅದಕ್ಕ ರಿಪೇರಿಯವರಿಗೆ ಹೇಳಿ ಚಡ್ಡಿಗೆ ಚಡ್ಡಿ ಗಂಟ ಹಾಕಿಸೀನಿ. ಒಬ್ಬ ದಣದ್ರ ಉಳದವರ ಚಡ್ಡಿ ಅವನ ಚಡ್ಡಿಗೆ ಹೆಜ್ಜಿ ಕಲಿಸ್ತದ.”

“ಯಾವುದರಿಂದ ಗಂಟು ಹಾಕಿದ್ರು?”

“ಒಳಗ ಎಳ್ಳಕಾಳಿನಷ್ಟು ರೇಡಿಯೊ ಇತ್ತಲ್ಲರಿ, ಅದರಿಂದ.”

ಮುದುಕಿಯರ ಚಡ್ಡಿಯಲ್ಲಿ ರೇಡಿಯೊ ಇರಲಿಲ್ಲ. ಹೈಮವತಿ ಅದನ್ನು ಇಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅರವತ್ತು ದಾಟಿದ ಹೈಮವತಿ ತಾವೇ ಒಂದು ಚಡ್ಡಿ ತೊಟ್ಟು ಸಾಲಿನ ಕೊನೆಗೆ ನಿಂತರು. ಓಟ ಶುರುವಾಯಿತು. ನೆಲ ಹಿಂದಕ್ಕೆ ಹಾರಿತು; ಬೇಲಿ, ನೀರಿನ ಟ್ಯಾಂಕು, ಕುರಿ, ಕುರಿ ಕಾಯುವವನು ಎಲ್ಲ ಒಂದೇ ಬಣ್ಣವಾದರು. ಮೊದಲು ಅವರಿಗೂ ಖುಷಿಯೇ ಆಯಿತು. ಆಮೇಲೆ ನಿಲ್ಲಬೇಕೆಂದುಕೊಂಡರು. ಕಾಲು ಸಡಿಲ ಬಿಟ್ಟರು. ಚಡ್ಡಿ ಇನ್ನಷ್ಟು ಬಿಗಿಯಾಗಿ ಅವರನ್ನು ಎತ್ತಿಕೊಂಡಿತು.

ಏನಾಗುತ್ತಿದೆಯೆಂದು ಓಡುತ್ತಲೇ ಅವರಿಗೆ ಹೊಳೆಯಿತು. ಪಳಗಿದ ಕಾಲು ನಿಲ್ಲುವಾಗ ಸುಮ್ಮನೆ ಸಡಿಲವಾಗುವುದಿಲ್ಲ, ನೆಲಕ್ಕೆ ಒತ್ತಿ ತಡೆಯುತ್ತದೆ. ಆ ಅಲೆ ಗಟ್ಟಿಯಾಗಿರುತ್ತದೆ, ಚಡ್ಡಿಗೆ ಕೇಳಿಸುತ್ತದೆ. ಪಳಗದ ಕಾಲಿಗೆ ಆ ಶಕ್ತಿಯಿಲ್ಲ. ಅದು ‘ಇನ್ನು ಆಗದು’ ಎಂದರೂ ‘ನಾನು ಒಲ್ಲೆ’ ಎಂದರೂ ಅಲೆ ಒಂದೇ ರೀತಿ ತೆಳ್ಳಗಾಗುತ್ತದೆ. ಚಡ್ಡಿ ಎರಡನ್ನೂ ದಣಿವೆಂದೇ ಓದಿ ಉಳಿದವರ ಹೆಜ್ಜೆಯನ್ನು ತುಂಬುತ್ತದೆ.

ಆಗಲೇ ಮುಂದೆ ರಾಜೇಸಾಬ ಚರಂಡಿಯ ಕಲ್ಲಿಗೆ ಬಡಿದು ಬಿದ್ದ. ಚಡ್ಡಿಯ ತಂತಿ ಹರಿದು ಅವನೊಬ್ಬನೇ ಗಂಟಿನಿಂದ ಕಳಚಿಕೊಂಡ. ಮೊಣಕಾಲ ಕೆಳಗೆ ಎಲುಬು ಹೊರಗೆ ಕಾಣುತ್ತಿತ್ತು. ತುಕಡಿ ಹೈಮವತಿಯನ್ನೂ ಎಳೆದುಕೊಂಡು ಅವನನ್ನು ದಾಟಿ ಓಡಿತು. ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತ್ತು, ಎಲ್ಲರ ಕಾಲೂ ಮುಂದಕ್ಕೆ ಹೋಗುತ್ತಿದ್ದವು. ಎಲ್ಲರಿಗಿಂತ ಮುಂದಿದ್ದ ಉಸ್ತಾದನಿಗೆ ಬೂಟಿನ ಸದ್ದಿನಲ್ಲಿ ಕೂಗು ಕೇಳಲಿಲ್ಲ.

“ರಾಜ್ಯಾ, ಬಂದೆ ಇರಲೇ, ಬಂದೆ,” ಎನ್ನುತ್ತಲೇ ಗುರುಪಾದ ದೂರ ದೂರ ಹೋಗುತ್ತಿದ್ದ.

ದಾರಿ ಬದಿಗೆ ಒಂದು ವಿದ್ಯುತ್ ಕಂಬವಿತ್ತು. ಗುರುಪಾದ ಎರಡೂ ಕೈಯಿಂದ ಅದನ್ನು ಅಪ್ಪಿಕೊಂಡ. ಚಡ್ಡಿಗೆ ಕಾಲು ಸಿಕ್ಕಿದ್ದವೇ ಹೊರತು ಕೈ ಸಿಕ್ಕಿರಲಿಲ್ಲ. ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಚಕ್ರದಂತೆ ಅವನ ಕಾಲುಗಳು ಗಾಳಿಯಲ್ಲಿ ಓಡಿದವು, ಓಡಿದವು. ಆ ಗಾಳಿಗೆ ಅಕ್ಕಪಕ್ಕದ ಹೊಲದ ಜೋಳ ಅಡ್ಡ ಬಿತ್ತು. ಕಂಬ ಬಾಗಿತು, ಅವನು ಬಿಡಲಿಲ್ಲ. ಕೊನೆಗೆ ಬ್ಯಾಟರಿ ಕಾದು ಹೊಗೆಯೆದ್ದು ಚಡ್ಡಿ ಸತ್ತಿತು. ಅವನು ದೊಪ್ಪೆಂದು ಕೆಳಗೆ ಬಿದ್ದ, ಎದ್ದ, ತನ್ನದೇ ಕಾಲಿನ ಮೇಲೆ ಏದುಸಿರು ಬಿಡುತ್ತ ಹಿಂದಕ್ಕೆ ನಡೆದ. ರಾಜೇಸಾಬನನ್ನು ಎತ್ತಲು ನೋಡಿದ. ಆ ಕಡ್ಡಿಯಂಥವನನ್ನೂ ಎತ್ತಲಾಗಲಿಲ್ಲ. ಬನಿಯನ್ ಹರಿದು ಗಾಯಕ್ಕೆ ಕಟ್ಟಿ, ಆಂಬುಲೆನ್ಸ್ ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

“ನಿಧಾನ ಬಂದಿ,” ಎಂದ ರಾಜೇಸಾಬ ಹಲ್ಲು ಕಚ್ಚಿಕೊಂಡು.

“ನಡಕೋತ ಬಂದೀನಿ ಮಗನ.”

ಸಂಜೆ ಕೇಂದ್ರದ ಮುಖ್ಯಸ್ಥ ಕರ್ನಲ್ ಮಂದಪ್ಪ ತಮ್ಮ ಕೋಣೆಗೆ ಹೈಮವತಿ, ಗುರುಪಾದ ಇಬ್ಬರನ್ನೂ ಕರೆಸಿದರು. ಸಭ್ಯ ಮನುಷ್ಯ, ಚಹಾ ತರಿಸಿದರು.

“ದಪ್ಪಗಿರುವವರನ್ನು ಸೇರಿಸಿಕೊಂಡದ್ದು ತಪ್ಪಲ್ಲ ಮೇಡಂ,” ಎಂದರು. “ಈ ಗುರುಪಾದನಷ್ಟು ಚೆನ್ನಾಗಿ ನಕ್ಷೆ ಓದುವವನು ಇಡೀ ಕೇಂದ್ರದಲ್ಲಿಲ್ಲ. ಹಳೆಯ ಓಟದ ನಿಯಮ ಇಂಥ ಎಷ್ಟು ಜನರನ್ನು ಮನೆಗೆ ಕಳಿಸಿತೋ.”

“ಒಪ್ಪಿದೆ. ಅವರನ್ನು ಇಟ್ಟುಕೊಳ್ಳಿ. ಆದರೆ ಚಡ್ಡಿಗೆ ಒಂದು ಗುಂಡಿ ಹಾಕ್ತೇನೆ. ಒತ್ತಿದರೆ ನಿಲ್ಲಬೇಕು.”

“ಯಾರು ಒತ್ತಬೇಕು?”

“ತೊಟ್ಟವರು.”

ಕರ್ನಲ್ ಬಟ್ಟಲನ್ನು ಕೆಳಗಿಟ್ಟರು. “ಅದು ಬೇಡ.”

“ಆ ರೇಡಿಯೊ ಯಾರು ಇಟ್ಟದ್ದು?”

“ನನ್ನ ಕೈಗೆ ಬಂದಾಗಲೇ ಇತ್ತು. ನಾನೂ ಒಮ್ಮೆ ಮೇಲಿನವರನ್ನು ಕೇಳಿದೆ. ಮತ್ತೆ ಕೇಳಬಾರದೆಂದು ತಿಳಿಯುವ ಹಾಗೆ ಉತ್ತರ ಬಂತು.” ಅವರು ಗುರುಪಾದನ ಕಡೆ ತಿರುಗಿದರು. “ನೋಡಪ್ಪ, ನಾಳೆ ವಿಚಾರಣೆ. ಚಡ್ಡಿ ಕೆಟ್ಟು ನಿಂತೆ ಅಂತ ಹೇಳು. ಯಂತ್ರದ ದೋಷ, ಅಷ್ಟೇ. ನಿನ್ನ ನೌಕರಿ ಎಲ್ಲೂ ಹೋಗುವುದಿಲ್ಲ.”

ಗುರುಪಾದನ ಅಂಗೈ ಚರ್ಮ ಕಂಬದ ಮೇಲೆಯೇ ಉಳಿದಿತ್ತು. ಎರಡೂ ಕೈಗೆ ಬ್ಯಾಂಡೇಜಿತ್ತು.

“ಚಡ್ಡಿ ನೆಟ್ಟಗಿತ್ತರಿ ಸಾಹೇಬ್ರ,” ಎಂದ. “ನಾ ಒಲ್ಲೆ ಅಂದೆ.”

ವಿಚಾರಣೆಯಲ್ಲೂ ಅದನ್ನೇ ಹೇಳಿದ. ತುಕಡಿ ಬಿಟ್ಟು ನಿಂತವನೆಂದು ಅವನನ್ನು ಮನೆಗೆ ಕಳಿಸಿದರು. ಹೈಮವತಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಚಡ್ಡಿ ಸರಕಾರದ್ದಾಗಿತ್ತು, ಅದು ರಾಜೀನಾಮೆ ಕೊಡಲಿಲ್ಲ. ಮುಂದಿನ ಭರ್ತಿಗೆ ಓಟವನ್ನೇ ಕೈಬಿಟ್ಟರು. ಬಂದವರ ಸೊಂಟ ಅಳೆದು, ಚಡ್ಡಿಯ ಸೈಜು ಬರೆದುಕೊಂಡು ಒಳಗೆ ಕಳಿಸಿದರು. ಜನ ಎಷ್ಟು ಬಂದರೆಂದರೆ ಸಾಲಿನ ಬಾಲ ಸೊಲ್ಲಾಪುರದಲ್ಲಿತ್ತು. ಎಲ್ಲರೂ ನಗುತ್ತಿದ್ದರು. ಇಷ್ಟು ಸುಲಭ ಯಾಕೆ ಮಾಡಿದ್ದಾರೆಂದು ಸಾಲಿನಲ್ಲಿ ಒಬ್ಬರೂ ಕೇಳಲಿಲ್ಲ.

ಇದೆಲ್ಲ ನಡೆಯುವುದಕ್ಕೆ ಇನ್ನೂ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲವಿದೆ. ಸದ್ಯಕ್ಕೆ, ಬೆಳಿಗ್ಗೆ ಬೇಗ ಎದ್ದರೆ ನಿಮ್ಮೂರಿನ ಮೈದಾನಕ್ಕೊಮ್ಮೆ ಹೋಗಿಬನ್ನಿ. ಭರ್ತಿಗೆಂದು ಹುಡುಗ ಹುಡುಗಿಯರು ಹರಿದ ಬೂಟಿನಲ್ಲಿ ಓಡುತ್ತಿರುತ್ತಾರೆ. ಯಾರು ಎಷ್ಟು ಜೋರು ಎಂದು ನೋಡಬೇಡಿ. ಅವರು ನಿಲ್ಲುವುದನ್ನು ನೋಡಿ. ಸಾಕೆನಿಸಿದಾಗ ಹಿಮ್ಮಡಿಯನ್ನು ನೆಲಕ್ಕೊತ್ತಿ, ಮೊಣಕಾಲ ಮೇಲೆ ಕೈಯಿಟ್ಟು ಬಾಗಿ ಉಗುಳುತ್ತಾರೆ, ಹಿಂದೆ ಬಿದ್ದ ಗೆಳೆಯನನ್ನು ಬೈಯುತ್ತಾರೆ, ಆಮೇಲೆ ಅವನಿರುವ ಕಡೆಗೆ ತಿರುಗಿ ನಡೆಯುತ್ತಾರೆ.