ಗುರುಬಾಯಿಯ ಎಡಗೆನ್ನೆ

"ಸೋಮವಾರ ನನ್ನ ಮಗಳ್ನ ಟ್ರಂಕ್ ಸಮೇತ ತವರಿಗಿ, ಹನ್ನೂರಿಗಿ ಕಳಸ್ತಾರಂತ್ರಿ ಬಾಯಾರ! ಬೀಗ್ತಿನ ಅಕಿ ಮುಖಕ್ಕ ಏನೋ ಹಚ್ಚಾಕತ್ತಾಳ. ನೀವ ಕಂಡಹಿಡೀಬೇಕ್ರಿ."

ಹೀಗೆಂದು ಕಲ್ಯಾಣಮ್ಮ ಬಾಗಿಲಲ್ಲೇ ಕುಸಿದಳು. ಅದು ೧೯೭೪ರ ಬೇಸಿಗೆ. ಪೊಲೀಸರಿಗೆ ಹೇಳಲಾಗದ್ದನ್ನೆಲ್ಲ ಸೊಲ್ಲಾಪುರದ ಜನ ನಿವೃತ್ತ ನರ್ಸ್ ಸುಮಿತ್ರಾಬಾಯಿಯ ಮನೆಗೆ ಹೊತ್ತು ತರುತ್ತಿದ್ದರು. ಮೂವತ್ತು ವರ್ಷ ಅವಳ ಜೊತೆ ದುಡಿದ ಕಂಪೌಂಡರ್ ಪೀರಪ್ಪ ಈಗಲೂ ಚೀಲ ಹಿಡಿದು ಹಿಂದೆ ನಡೆಯುತ್ತಿದ್ದ. ಹೆಂಗಸರ ಕಣ್ಣೀರು ಕಂಡರೆ ಅವನ ಕರುಳು ಚುರ್ರೆನ್ನುತ್ತಿತ್ತು. ತಪ್ಪು ಅತ್ತೆಯದೇ ಎಂದು ಅವನು ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದ.

ವಿಜಾಪುರ ರಸ್ತೆಯ ಬೀಗರ ಮನೆ ಚಾದರ್ ವ್ಯಾಪಾರಿಗಳದು. ಮದುವೆಯಾಗಿ ಬಂದು ಐದು ತಿಂಗಳಾಗಿದ್ದ ಕಲ್ಯಾಣಮ್ಮನ ಮಗಳು ಗುರುಬಾಯಿ ಬೆಳಕಿಗೆ ಮುಖ ತಿರುಗಿಸಿದಳು. ಎಡಗೆನ್ನೆಯಿಂದ ಕಿವಿಯವರೆಗೆ ಕೆಂಪು ಗುಳ್ಳೆಗಳು, ಕೆರೆದು ರಸಿಗೆ ಬಂದಿದ್ದವು. ಬಲಗೆನ್ನೆಯ ಮೇಲೆ ಒಂದೂ ಇರಲಿಲ್ಲ.

"ಅಮಾಸಿ ಆದ ಮ್ಯಾಲ ಏಳ್ತಾವ್ರಿ. ಮುಲಾಮು ಹಚ್ಚಿದ್ರ ಒಣಗ್ತಾವ. ಮುಂದಿನ ಅಮಾಸಿಗಿ ಮತ್ತ ಅದ ಕತಿ. ಬಾವಿಗಿ ಬೀಳೂಣು ಅನಸ್ತದ್ರಿ," ಎಂದಳು ಹುಡುಗಿ.

ಅತ್ತೆ ಉಮಾಬಾಯಿ ಕಂಬಕ್ಕೆ ಆತು ನಿಂತಿದ್ದಳು. "ಓಣಿ ತುಂಬ ಮಹಾರೋಗ ಅನ್ನಾಕತ್ತಾರ. ನನಗೂ ಮದಿವಿಗಿ ಬಂದ ಮಗಳ ಅದಾಳ. ನಾ ಏನ ಮಾಡ್ಲಿ?"

ಸುಮಿತ್ರಾಬಾಯಿ ಕೆನ್ನೆಗೆ ಗುಂಡುಸೂಜಿ ತಾಗಿಸಿದಳು. ಗುರುಬಾಯಿ ಚೀರಿದಳು.

"ಪೌಡರ್?"

"ಬಿಟ್ಟು ಎರಡ ತಿಂಗಳಾತ್ರಿ."

"ಊಟ?"

"ಎಲ್ಲಾರ ಜೋಡಿ, ಒಂದ ಬುಟ್ಟಿ ರೊಟ್ಟಿ."

"ಯಾವ ಮಗ್ಗಲಿಗಿ ಮಲಗ್ತಿ?"

"ಎಡಕ್ಕ."

ಅವಳ ತಲೆದಿಂಬಿನ ಮೂಲೆಯಲ್ಲಿ ಕಪ್ಪು ಕಲೆಯಿತ್ತು. "ಅಗಸರ ಗುರುತು," ಎಂದ ಪೀರಪ್ಪ. "ನಮ್ಮ ಅರಬಿ ಮನ್ಯಾಗ ಒಗೀತೀವ್ರಿ," ಎಂದಳು ಉಮಾಬಾಯಿ. ಸುಮಿತ್ರಾಬಾಯಿಯ ಕಣ್ಣು ಮಾತ್ರ ಜೊತೆಗೆ ಬಂದಿದ್ದ ಕಲ್ಯಾಣಮ್ಮನ ಬೆರಳ ಮೇಲಿತ್ತು. ಅದರ ತುದಿಯಲ್ಲೂ ಅಂಥದೇ ಕಪ್ಪು ಕಲೆ.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಅವಳು ಶುರು ಮಾಡಿದಳು.

"ಮಹಾರೋಗದ ಕಲಿಗಿ ಸೂಜಿ ಚುಚ್ಚಿದ್ದು ತಿಳಿಯೂದಿಲ್ಲ, ತುರಿಸೂದೂ ಇಲ್ಲ. ಹಂಗಾಗಿ ಇದು ಅದಲ್ಲ. ಊಟಕ್ಕ ಆಗಿದ್ರ ಮೈತುಂಬ ಏಳ್ತಿತ್ತು. ಒಂದ ಕೆನ್ನಿಗಿ ಅಷ್ಟ ಅಂದ್ರ, ಅದಕ್ಕ ತಾಗೂದು ದಿಂಬು. ಅಮಾಸಿಗೊಮ್ಮಿ ಈ ಮನಿಗಿ ಯಾರ ಬರ್ತಾರ?"

"ಅವ್ವ. ಅಕ್ಕಲಕೋಟಿ ಸ್ವಾಮಿ ದರ್ಶನ ಮುಗಿಸಿ ಬರ್ತಾಳ್ರಿ," ಎಂದಳು ಗುರುಬಾಯಿ ಮೆಲ್ಲಗೆ.

ಸುಮಿತ್ರಾಬಾಯಿ ದಿಂಬು ಹರಿದಳು. ಹತ್ತಿಯೊಳಗಿಂದ ದಾರಕ್ಕೆ ಪೋಣಿಸಿದ ಐದು ಬಿಬ್ಬ ಬಿದ್ದವು. ಅಗಸರು ಬಟ್ಟೆಗೆ ಗುರುತು ಹಾಕುವ, ದೃಷ್ಟಿಗೆಂದು ನಿಂಬೆಹಣ್ಣಿನ ಜೊತೆ ಬಾಗಿಲಿಗೆ ಕಟ್ಟುವ ಕರಿ ಬೀಜಗಳು.

"ಪೋಣಿಸಾಕ ಸೂಜಿ ಚುಚ್ಚಿದ್ರ ಎಣ್ಣಿ ಸೋರ್ತದ. ಆ ಎಣ್ಣಿ ಕೆಲವರ ಮೈಗಿ ಬೆಂಕಿ. ಒಣಗಿದ್ರ ಸುಮ್ನ ಆಗ್ತದ, ಹೊಸಾದು ಹೊಲದ್ರ ಮತ್ತ ಏಳ್ತಾವ."

ಕಲ್ಯಾಣಮ್ಮನ ಮುಖ ಬಿಳಚಿತು. "ಹೊಸಾ ಸೊಸಿ, ದೃಷ್ಟಿ ಆಗಬಾರದಂತ ಒಂದ ಹೊಲದೆ. ಗುಳ್ಳಿ ಎದ್ವು. ದೃಷ್ಟಿ ದೊಡ್ಡದ ಅಂತ ತಿಂಗಳಾ ಒಂದ ಹೆಚ್ಚ ಹೊಲದೆ. ಹೇಳಿದ್ರ ಬೀಗರ ಕಣ್ಣ ಕೆಟ್ಟದ ಅಂದಂಗ ಆಗ್ತದಂತ ಬಾಯಿ ಬಿಡಲಿಲ್ರಿ." ಪೀರಪ್ಪನಿಗೆ ಅವಳನ್ನು ನೋಡಲಾಗಲಿಲ್ಲ.

ಉಮಾಬಾಯಿ ಒಪ್ಪಲಿಲ್ಲ. "ಬಿಬ್ಬ ಎಲ್ಲಾರ ಬಾಗಲ್ದಾಗೂ ಅದ. ಓಣಿ ಮಂದಿ ಇದನ್ನ ನಂಬ್ತಾರ?"

ಕಲ್ಯಾಣಮ್ಮ ಎದ್ದಳು. ಯಾರೂ ತಡೆಯುವ ಮೊದಲೇ ಒಂದು ಬಿಬ್ಬ ಜಜ್ಜಿ ತನ್ನ ಕೆನ್ನೆಗೆ ಒರೆಸಿಕೊಂಡಳು. "ಮೂರ ದಿನ ಕಾಯ್ರಿ. ಅಕಿ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನನಗೂ ಎದ್ರ ಮಗಳ್ನ ಇಟ್ಕೋರಿ."

ಸೋಮವಾರ ಟ್ರಂಕು ಹೊರಡಲಿಲ್ಲ. ಬುಧವಾರ ಪೀರಪ್ಪ ಹೋದಾಗ ಕಲ್ಯಾಣಮ್ಮನ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಅವಳು ಸೆರಗು ಸರಿಸಿ, ಓಣಿಯ ಹೆಂಗಸರ ನಡುವೆ ನಿಂತು, "ಎದ್ದಾವ ನೋಡ್ರಿ! ನನಗೂ ಎದ್ದಾವ!" ಎಂದು ನಗುತ್ತಿದ್ದಳು.

ಉಮಾಬಾಯಿ ಒಳಗೆ ಹೋಗಿ ಟ್ರಂಕಿನ ಬೀಗ ತೆಗೆದು, ಸೊಸೆಯ ಸೀರೆಗಳನ್ನು ಒಂದೊಂದಾಗಿ ಕಪಾಟಿಗೆ ಜೋಡಿಸತೊಡಗಿದಳು.