ಮೂರನೇ ಸ್ಲೈಡರ್

ಆ ತಲೆ ನಿಧಾನಕ್ಕೆ ನನ್ನ ಕಡೆ ತಿರುಗಿತು.

ಇಪ್ಪತ್ತು ಕೇಜಿ ತಲೆ. ಒಂದೇ ಕಣ್ಣು. ನಾನು ಸ್ಟೇಜಿಂದ ಇಪ್ಪತ್ತೈದು ಅಡಿ ಮೇಲೆ ಕಬ್ಬಿಣದ ಪೈಪು ತಬ್ಕೊಂಡಿದ್ದೆ. ಬಗ್ಗಿದೆ. ಅದು ನನ್ನ ಟೋಪಿ ಹಾರಿಸ್ಕೊಂಡು ಹೋಯ್ತು!

ಕೆಳಗೆ ರಿಹರ್ಸಲ್‌ನಲ್ಲಿ ರಾಜ ಸಾಯ್ತಾ ಇದ್ದ. ಬೆಳಗ್ಗೆಯಿಂದ ನಾಲ್ಕನೇ ಸಲ. ಅವನು "ಮಗಳೇ..." ಅಂತ ಕಣ್ಣು ಮುಚ್ಚೋ ಹೊತ್ತಿಗೆ ಸರಿಯಾಗಿ, ಮೇಲೆ ಹೊಸದಾಗಿ ಹಾಕಿದ ಆರು ತಿರುಗೋ ಲೈಟೂ, ನನ್ನ ಟೋಪಿ ಹಾರಿಸಿದ್ದೂ ಸೇರಿ, ಒಟ್ಟಿಗೆ ಆರಿ, ಮತ್ತೆ ಹತ್ಕೊಂಡು, ಗಿರಗಿರ ಸುತ್ತಿ, ಕೆಂಪು ಹಸಿರು ನೀಲಿ ಎಲ್ಲ ಉಗುಳ್ತಿದ್ವು. ನಿನ್ನೆ ಶೋನಲ್ಲೂ ಇದೇ ಕತೆ. ಜನ ಅಳೋದು ಬಿಟ್ಟು ಸೀಟಿ ಹೊಡೆದ್ರಂತೆ.

ನಾನು ಲೈಟ್ ರಿಪೇರಿ ಮಾಡೋನು ಸಾರ್. ಕರೆಂಟ್ ಎಲ್ಲಿ ಕೈಕೊಟ್ಟಿದೆ ಅಂತ ಹುಡುಕ್ತೀನಿ. ಯಾರ ಮುಲಾಜೂ ನೋಡಲ್ಲ.

ಈ ಸಲ ನೋಡ್ಬೇಕಾಯ್ತು.

"ಇದು ಯಾರದೋ ಕೈವಾಡ," ಅಂದ್ರು ನಾಟಕ ಕಂಪನಿ ಓನರ್. "ಹೆಸರು ಹೇಳು. ನಾಲ್ಕು ಗಂಟೆ ಶೋಗೆ ಮುಂಚೆ ಅವನನ್ನ ಕತ್ತು ಹಿಡಿದು ಆಚೆ ಹಾಕ್ತೀನಿ."

ಆಗ ಗಂಟೆ ಎರಡೂವರೆ.

ಓನರ್ ಹಿಂದೆ, ಸ್ಟೇಜ್ ಪಕ್ಕದಲ್ಲಿ, ಬೆಳಕು ಏರಿಸಿ ಇಳಿಸೋ ಸ್ಲೈಡರ್ ಬೋರ್ಡ್ ಮುಂದೆ ಕೂತಿದ್ದೋರು ನನ್ನ ಮಾವ. ನನ್ನ ಹೆಂಡ್ತಿ ಅಪ್ಪ. ಮೂವತ್ತೆಂಟು ವರ್ಷದಿಂದ ಈ ಕಂಪನಿಯ ಲೈಟ್ ಅವರದ್ದೇ. ಹೇಳದೆ ಕೇಳದೆ ಮದುವೆ ಆದ್ವಿ ಅಂತ ಮೂರು ವರ್ಷದಿಂದ ನನ್ನ ಜೊತೆ ಮಾತಿಲ್ಲ. ನನಗೆ ಹೇಳಬೇಕಾದ್ದನ್ನ ಗೋಡೆಗೆ ಹೇಳ್ತಾರೆ. ಇಳಿಯುವಾಗ ಏಣಿ ಜಾರುತ್ತೆ ಅಂತಾನೂ ಗೋಡೆಗೇ ಹೇಳಿದ್ರು.

ಇಳಿದೆ. ಇನ್ನೊಂದ್ಸಲ ಸಾಯಪ್ಪಾ ಅಂತ ರಾಜನನ್ನ ಕೇಳ್ಕೊಂಡೆ.

ಹೆಣ ಎದ್ದು ನಿಂತ್ಕೊಂಡ್ತು! ಮರದ ಕತ್ತಿ ಹಿಡ್ಕೊಂಡು ಅಟ್ಟಿಸ್ಕೊಂಡು ಬಂದ. ಸಿಂಹಾಸನದ ಸುತ್ತ ಎರಡು ರೌಂಡ್. ಕಿರೀಟ ಬಿತ್ತು, ನಾನೇ ಎತ್ತಿ ಕೊಟ್ಟು ಮತ್ತೆ ಓಡಿದೆ. ಕೊನೆಗೆ ಸ್ಟೇಜ್ ಕೆಳಗೆ ನುಗ್ಗಿದೆ.

ಧೂಳು. ಜೇಡರ ಬಲೆ. ಲೈಟ್‌ಗಳ ವೈರು. ಮಂಡಿ ಊರ್ಕೊಂಡು ಅದರ ಹಿಂದೇನೇ ಹೋದೆ. ಪ್ಲಗ್ ಸಿಕ್ತು, ಮೀಟರ್ ಇಟ್ಟೆ. ಇನ್ನೂರ ಮೂವತ್ತು ವೋಲ್ಟ್. ಏನೂ ಕೊರತೆ ಇಲ್ಲ.

ಮೇಲೆ ರಾಜ ಬೈಕೊಂಡೇ ಸಾಯೋಕೆ ಶುರು ಮಾಡಿದ.

ಇನ್ನೂರು... ನೂರ ಅರವತ್ತು... ತೊಂಬತ್ತು...

ಕರೆಂಟ್ ಹೋಗ್ತಿರಲಿಲ್ಲ ಸಾರ್. ಯಾರೋ ಅದನ್ನ ಮೆಲ್ಲಗೆ, ಪ್ರೀತಿಯಿಂದ ಇಳಿಸ್ತಾ ಇದ್ರು.

ಹಳೇ ಬಲ್ಬ್ ಆದ್ರೆ ಕರೆಂಟ್ ಇಳಿಸಿದ ಹಾಗೆ ಮಂಕಾಗುತ್ತೆ. ತಿರುಗೋ ಲೈಟ್‌ಗೆ ಒಳಗೆ ಮೋಟಾರಿದೆ, ಬುದ್ಧಿ ಇದೆ. ಅದಕ್ಕೆ ಯಾವಾಗಲೂ ಪೂರ್ತಿ ಕರೆಂಟ್ ಬೇಕು. ಇಳಿಸಿದ್ರೆ ಪ್ರಜ್ಞೆ ತಪ್ಪುತ್ತೆ. ಎದ್ದಾಗ ಎಲ್ಲಿದ್ದೀನಿ ಅಂತ ಸುತ್ತಮುತ್ತ ನೋಡುತ್ತೆ, ಮನುಷ್ಯರ ಹಾಗೇ.

ಹಲಗೆ ಸಂದಿಯಿಂದ ನೋಡಿದೆ. ಮೂರನೇ ಸ್ಲೈಡರ್ ಮೇಲೆ ಮಾವನ ಬೆರಳು. ಅವರ ಕಣ್ಣು ಒದ್ದೆ. ಮೂವತ್ತೆಂಟು ವರ್ಷದಿಂದ ನೋಡ್ತಾ ಬಂದ ಸಾವಿಗೆ ಇನ್ನೂ ಅಳ್ತಿದ್ರು.

ಹೋಗಿ ಪಕ್ಕದಲ್ಲಿ ನಿಂತೆ. ಈ ಲೈಟ್‌ಗಳನ್ನ ಸ್ಲೈಡರ್‌ಗೆ ಅಲ್ಲ, ನೇರ ಲೈನ್‌ಗೆ ಹಾಕಬೇಕಿತ್ತು ಅಂದೆ.

ಅವರು ಗೋಡೆ ಕಡೆ ತಿರುಗಿದ್ರು. "ಕೈಗೆ ಬಗ್ಗದ ದೀಪ ಒಂದು ದೀಪಾನಾ? ಈ ರಾಜ ಯಾವತ್ತೂ ನನ್ನ ಬೆರಳಲ್ಲೇ ಸತ್ತಿದ್ದಾನೆ."

ಎಂಥಾ ಫಜೀತಿ ನೋಡಿ! ಹೆಸರು ಹೇಳಿದ್ರೆ ಮಾವ ಬೀದಿಗೆ. ಆಮೇಲೆ ಹೆಂಡ್ತಿ ಮನೆ ಬಾಗಿಲು ತೆಗೀತಾಳಾ?

ಮಾವ ಕಾಫಿಗೆ ಹೋದಾಗ ಲೈಟ್‌ಗಳನ್ನ ನೇರ ಲೈನ್‌ಗೆ ಹಾಕಿದೆ. ಮೂರನೇ ಸ್ಲೈಡರ್ ಖಾಲಿ ಬಿಡೋ ಹಾಗಿಲ್ಲ, ಅದರ ಕೆಂಪು ದೀಪ ಉರಿಯದಿದ್ರೆ ಮಾವ ಹಿಡಿದುಬಿಡ್ತಾರೆ. ಕೈಗೆ ಸಿಕ್ಕಿದ ಇನ್ನೊಂದು ವೈರನ್ನ, ಅದು ಯಾವುದರದ್ದು ಅಂತಾನೂ ನೋಡದೆ, ಅಲ್ಲಿಗೆ ಸಿಕ್ಕಿಸಿದೆ.

"ಯಾರು?" ಅಂದ್ರು ಓನರ್.

"ಇಲಿ."

"ಎಲ್ಲಿ?"

"ತಪ್ಪಿಸ್ಕೊಂಡ್ತು."

ತಿರುಗೋ ಲೈಟ್‌ಗೆ ಪುಟ್ಟ ಬೋರ್ಡ್ ಒಂದು ಬೇರೆ ಇದೆ. ಬೆಳಕು ಇಳಿಸೋದೂ ಅದರಲ್ಲೇ. ಮಾವ ಅದನ್ನ ಆಟದ ಸಾಮಾನು ಅಂತ ಮುಟ್ತಾನೇ ಇರಲಿಲ್ಲ. ನಾಲ್ಕು ಗಂಟೆ ಶೋಗೆ ಅದನ್ನ ಹಿಡ್ಕೊಂಡು ನಾನು ಸ್ಟೇಜ್ ಕೆಳಗೆ ಕೂತೆ, ಕಣ್ಣು ಸಂದಿಗೆ ಇಟ್ಟು.

"ಮಗಳೇ..."

ಮಾವನ ಬೆರಳು ಇಳೀತು. ನನ್ನದೂ ಇಳೀತು. ಬೆಳಕು ರಾಜನ ಮುಖದ ಮೇಲಿಂದ ಮೆಲ್ಲಗೆ ಹೋಯ್ತು. ಲೈಟ್‌ಗಳು ಅಲ್ಲಾಡಲಿಲ್ಲ. ಹಾಲ್‌ನಲ್ಲಿ ಜನ ಮೂಗು ಒರೆಸ್ಕೊಳ್ಳೋ ಸದ್ದು.

ಶೋ ಮುಗಿದ ಮೇಲೆ ಮಾವ ಬಂದ್ರು. ಗೋಡೆ ಕಡೆ ನೋಡಲೇ ಇಲ್ಲ.

"ನೋಡಿದ್ರಾ ಅಳಿಯಂದ್ರೇ? ಕೈ ಅಂದ್ರೆ ಇದು. ನಾಳೆ ಊಟಕ್ಕೆ ಬನ್ನಿ, ಇಬ್ರೂ."

ಪುಟ್ಟ ಬೋರ್ಡನ್ನ ಬೆನ್ನ ಹಿಂದೆ ಮುಚ್ಚಿಟ್ಕೊಂಡು, ಬರ್ತೀವಿ ಅಂದೆ ಸಾರ್.

ಬಾಗಿಲಲ್ಲಿ ಓನರ್ ತಡೆದ್ರು. ಇನ್ನೊಂದು ಕೇಸ್ ಇದೆಯಂತೆ. ರಾಜ ಸಾಯ್ತಿದ್ದ ಹಾಗೇ ಮೇಕಪ್ ರೂಮಿನ ಫ್ಯಾನ್ ನಿಂತುಹೋಯ್ತಂತೆ. ಅದು ಯಾರ ಕೈವಾಡ ಅಂತ ಪತ್ತೆ ಮಾಡಬೇಕಂತೆ.

ಒಪ್ಕೊಂಡೆ. ಕಷ್ಟದ ಕೇಸು, ಮಾವ ರಿಟೈರ್ ಆಗೋವರೆಗೂ ಹಿಡಿಯುತ್ತೆ.