ರೀಸ್ಲಿಂಗ್ ಬಾಟಲಿಯಲ್ಲಿ ನೀರು

"ಇದು ನೀರು!"

ಚಕ್ರಪಾಣಿ ವೈನ್ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದ. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನೀರು ಅಂದ್ರೆ?" ಗೆಳೆಯ ಶಿವಕುಮಾರ್ ಕೇಳಿದ.

"ನೀರು ಅಂದ್ರೆ ನೀರು ಕಣಯ್ಯಾ, ನಲ್ಲಿ ನೀರು! ಆ ವೈನ್ ಮಾಡೋರೇ ಮೋಸ ಮಾಡಿದಾರೋ ಏನೋ—"

"ಆಸ್ಟ್ರೇಲಿಯಾದವರು ನಿನಗೆ ನೀರು ತುಂಬಿಸಿ ಕಳಿಸ್ತಾರಾ? ಹೋಗಯ್ಯಾ! ಇದು ಮನೇಲೇ ಆಗಿರೋ ಕೆಲಸ." ಹಾಗೆಂದ ಶಿವಕುಮಾರನ ಕಣ್ಣು ಮೂಲೆಯ ಕುರ್ಚಿಯ ಕಡೆಗೆ ಹೊರಳಿತು.

ಅಡುಗೆಮನೆಯ ಬಾಗಿಲಲ್ಲಿ ಬೋಂಡದ ತಟ್ಟೆ ಹಿಡಿದು ನಿಂತಿದ್ದ ಚಕ್ರಪಾಣಿಯ ಹೆಂಡತಿ ರಜನಿಗೆ ಗಾಬರಿಯಾಯಿತು. ಆ ಕುರ್ಚಿಯಲ್ಲಿ ಕಿತ್ತಳೆ ರಸದ ಲೋಟ ಹಿಡಿದು ಕೂತಿದ್ದವನು ಅವಳ ತಮ್ಮ ಸುಹಾಸ್. ದೇವರೇ, ಮತ್ತೆ ಶುರುವಾಯಿತೇ?

ಅವಳ ಗಾಬರಿಗೆ ಕಾರಣವಿತ್ತು. ಹೋದ ವರ್ಷ ಬೇಸಿಗೆಯಲ್ಲಿ ಸುಹಾಸ್ ಕುಡಿದು ಕಾರು ಓಡಿಸಿ ಹೆದ್ದಾರಿಯ ತಿರುವಿನಲ್ಲಿ ಕಂಬಕ್ಕೆ ಗುದ್ದಿದ್ದ. ಪೊಲೀಸು, ಕೋರ್ಟು ಎಲ್ಲ ಆಯಿತು, ಲೈಸೆನ್ಸೂ ಹೋಯಿತು. ಆಗಲೇ ಗೊತ್ತಾದದ್ದು, ಅವನು ಮನೆಗೆ ಬಂದಾಗಲೆಲ್ಲ, ತಿಂಗಳುಗಟ್ಟಲೆ, ಭಾವನ ವಿಸ್ಕಿ ಬಾಟಲಿ ಖಾಲಿ ಮಾಡಿ ನೀರು ತುಂಬಿಸಿ ಇಡುತ್ತಿದ್ದನೆಂದು. ಅಂದಿನಿಂದ ಅಕ್ಕನ ಮನೆಯಲ್ಲೇ ಇದ್ದಾನೆ, ಒಂದು ಹನಿ ಮುಟ್ಟಿಲ್ಲ. ಜನವರಿಯಲ್ಲಿ ಮೈಸೂರಿನಲ್ಲಿ ಪೂಜಿತಾಳ ಜೊತೆ ಮದುವೆ. ಪೂಜಿತಾ ಒಪ್ಪುವ ಮೊದಲು ಹೇಳಿದ್ದು ಒಂದೇ ಮಾತು: ಇನ್ನೊಂದು ಸಲ ಕುಡಿದೆ ಅಂತ ಗೊತ್ತಾದರೆ ಅಲ್ಲಿಗೆ ಮುಗಿಯಿತು. ಆ ಪೂಜಿತಾ ಈಗ ಅವನ ಪಕ್ಕದಲ್ಲೇ ಕೂತಿದ್ದಳು.

ಅದು ೨೦೦೫ರ ನವೆಂಬರಿನ ಶನಿವಾರದ ಮಧ್ಯಾಹ್ನ. ಅಮೆರಿಕದ ಸಿಯಾಟಲ್ ಬಳಿಯ ಇಸ್ಸಾಕ್ವಾದಲ್ಲಿ ಗುಡ್ಡದ ಮೇಲಿನ ಆ ಮನೆಯಲ್ಲಿ ಕನ್ನಡದ ಗೆಳೆಯರು ಸೇರಿದ್ದರು. ಬೇರೆ ತಿಂಗಳಾದರೆ ಎಲ್ಲರೂ ಕಾರು ಹತ್ತಿ ಹತ್ತಿರದ ವುಡಿನ್‌ವಿಲ್ಲಿನಲ್ಲಿ ವೈನ್ ತಯಾರಿಸುವ ಯಾವುದಾದರೊಂದು ವೈನರಿಗೆ ಹೋಗುತ್ತಿದ್ದರು. ಈ ತಿಂಗಳು ಆಸ್ಟ್ರೇಲಿಯಾದ ವೈನಿನ ಸರದಿ, ಚಕ್ರಪಾಣಿಯ ದರ್ಬಾರು. ಫೆಬ್ರವರಿಯಲ್ಲಿ ಆಫೀಸಿನ ಕೆಲಸಕ್ಕೆಂದು ಅಡಿಲೇಡಿಗೆ ಹೋದವನು, ರಜೆ ಹಾಕಿ ಬರೋಸಾ, ಕ್ಲೇರ್ ಕಣಿವೆಗಳನ್ನು ಸುತ್ತಿ ಬಂದಿದ್ದ. ಅಂದಿನಿಂದ ಅವನ ಬಾಯಿಗೆ ಬಿಡುವಿಲ್ಲ. ಬರೋಸಾದ ಶಿರಾಜ್ ವೈನಿನಲ್ಲಿ ಕರಿಮೆಣಸು, ನೇರಳೆಹಣ್ಣಿನ ವಾಸನೆಯಂತೆ. ಕೂನವಾರಾದ ಕ್ಯಾಬರ್ನೆಯಲ್ಲಿ ನೀಲಗಿರಿ ಎಲೆ. ಕ್ಲೇರ್ ಕಣಿವೆಯ ಬಿಳಿ ರೀಸ್ಲಿಂಗ್‌ನಲ್ಲಂತೂ ನಿಂಬೆ ಸಿಪ್ಪೆ, ಮಳೆ ಬಿದ್ದ ಕಲ್ಲು, ಹಿಂದಿನಿಂದ ತುಸು ಸೀಮೆಎಣ್ಣೆ! ಸೀಮೆಎಣ್ಣೆ ವಾಸನೆಯನ್ನು ಹೊಗಳುವ ಗಂಡನನ್ನು ಕಟ್ಟಿಕೊಂಡೆನಲ್ಲಾ ಎಂದು ರಜನಿ ನಗುತ್ತಿದ್ದಳು. ಕುಡಿಯುವುದಕ್ಕೂ ಅವನದೊಂದು ಶಾಸ್ತ್ರ. ಮೊದಲು ಬಿಳಿ ಕರವಸ್ತ್ರದ ಮುಂದೆ ಹಿಡಿದು ಬಣ್ಣ ನೋಡಬೇಕು, ಆಮೇಲೆ ಮೂಗು, ಕಡೆಗೆ ನಾಲಿಗೆ. ಪೂಜೆಯಲ್ಲಾದರೂ ಕ್ರಮ ತಪ್ಪಿಯಾನು, ಇದರಲ್ಲಿ ತಪ್ಪುವವನಲ್ಲ.

ಉಳಿದ ವೈನುಗಳನ್ನು ಸಿಯಾಟಲ್‌ನ ಅಂಗಡಿಯಲ್ಲಿ ಕೊಂಡಿದ್ದ. ರೀಸ್ಲಿಂಗ್ ಮಾತ್ರ ಕ್ಲೇರ್ ಕಣಿವೆಯ ಒಂದು ಪುಟ್ಟ ವೈನರಿಯಿಂದ ತಾನೇ ಹೊತ್ತು ತಂದದ್ದು. ಮೂರು ಬಾಟಲಿಯಲ್ಲಿ ಎರಡು ಯುಗಾದಿಯ ಕೂಟದಲ್ಲಿ ಖಾಲಿಯಾಗಿದ್ದವು. ಉಳಿದದ್ದು ಇದೊಂದೇ.

"ಸುಹಾಸ್," ಶಿವಕುಮಾರ್ ಗಂಟಲು ಸರಿಮಾಡಿಕೊಂಡ, "ಬೇಜಾರು ಮಾಡ್ಕೋಬೇಡ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ—"

"ನಾನು ಕುಡಿದಿಲ್ಲ," ಸುಹಾಸ್ ಎಂದ.

"ಗ್ಲಾಸ್ ತರ್ತೀನಿ ಅಂತ ಅಡುಗೆಮನೆಗೆ ಹೋಗಿದ್ದವನು ನೀನೇ ಅಲ್ವಾ?"

"ಹೋಗಿದ್ದೆ. ಕುಡಿದಿಲ್ಲ."

ರಜನಿ ಮುಂದೆ ಏನು ಮಾಡಿದಳೋ ಅದನ್ನು ಯೋಚಿಸಿ ಮಾಡಲಿಲ್ಲ. ತಟ್ಟೆ ಇಟ್ಟು ದಾಪುಗಾಲು ಹಾಕಿ ತಮ್ಮನ ಮುಂದೆ ನಿಂತಳು. "ಬಾಯಿ ಬಿಡು."

"ಅಕ್ಕ!"

"ಬಾಯಿ ಬಿಡು ಅಂದೆ."

ಎಲ್ಲರೂ ನೋಡುತ್ತಿದ್ದಂತೆ ಮೂವತ್ತು ದಾಟಿದ ಗಂಡಸು ಅಕ್ಕನ ಮುಂದೆ ಬಾಯಿ ತೆರೆದ. ಅವಳು ಬಗ್ಗಿ ಮೂಸಿದಳು. ಕಿತ್ತಳೆ, ಅದರ ಹಿಂದೆ ಏಲಕ್ಕಿ. ದೀಪಾವಳಿಯ ಬರ್ಫಿ ಇನ್ನೂ ಡಬ್ಬಿಯಲ್ಲಿತ್ತು ನಿಜ. ಆದರೆ ಕುಡಿಯುವವರು ಏಲಕ್ಕಿ ಅಗಿಯುವುದೂ ಅವಳಿಗೆ ಗೊತ್ತಿತ್ತು. ಹೌದೆನ್ನಲೂ ಆಗದೆ ಅಲ್ಲವೆನ್ನಲೂ ಆಗದೆ ಅವಳು ಹಿಂದೆ ಸರಿದಳು.

ಪೂಜಿತಾ ಎದ್ದಳು. ಬಾಗಿಲ ಬಳಿಯಿದ್ದ ಕೋಟು ಎತ್ತಿಕೊಂಡು ಹೊರಗೆ ನಡೆದಳು. ಸುಹಾಸ್ ಹಿಂದೆ ಓಡಲಿಲ್ಲ, ತಲೆ ತಗ್ಗಿಸಿ ಕೂತೇ ಇದ್ದ.

"ಒಂದ್ನಿಮಿಷ," ಎಂದಳು ಸುಪ್ರಿಯಾ.

ಸುಪ್ರಿಯಾ ರಜನಿಯ ಗೆಳತಿ. ಸಿಯಾಟಲ್‌ನ ಡೆನ್ನಿ ಟ್ರಯಾಂಗಲ್ ಬಡಾವಣೆಯ ಒಂದು ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಎಲ್ಲ ಸರಿಯಿದೆ ಎಂದು ಕೈತೊಳೆದುಕೊಂಡ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೇ ಅವಳಿಗೆ ಸಂಬಳ. ಊಟಕ್ಕೆ ಕರೆದರೂ ಆ ಗುಣ ಮನೆಯಲ್ಲಿ ಬಿಟ್ಟು ಬರುತ್ತಿರಲಿಲ್ಲ.

"ಚಕ್ರಪಾಣಿ, ಬಾಟಲಿ ಎಲ್ಲಿಟ್ಟಿದ್ರಿ?"

"ಗ್ಯಾರೇಜ್ ಕಪಾಟಲ್ಲಿ. ಬೀಗ ಇರತ್ತೆ."

"ಕೀ?"

"ನನ್ನ ಹತ್ರ. ಬೀಗ ಹಾಕಿ ಅಂತ ಸುಹಾಸೇ ಕೇಳಿದ್ದ."

"ಹೊರಗೆ ತಂದಿದ್ದು ಯಾವಾಗ?"

"ನೀವೆಲ್ಲ ಬರೋಕೆ ಸ್ವಲ್ಪ ಮುಂಚೆ. ಐಸ್ ಬಕೆಟ್ಟಲ್ಲಿಟ್ಟು ಈ ಮೇಜಿನ ಮೇಲೇ ಇಟ್ಟೆ. ಐಸ್ ಸಾಲದು ಅಂತ ಆಮೇಲೆ ಬಕೆಟ್ ಅಡುಗೆಮನೆಗೆ ತಗೊಂಡು ಹೋದೆ. ಅಲ್ಲೇ ಇತ್ತು."

"ಆಗ ರಜನಿ ಎಲ್ಲಿದ್ಲು?"

"ನಾನು ಬಾಗಿಲಲ್ಲಿದ್ದೆ, ನಿನ್ನನ್ನೇ ಒಳಗೆ ಕರೀತಿದ್ದೆ," ರಜನಿ ಸಿಡುಕಿದಳು. ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಿಟಕಿಗೆ ಹೋಗಿ ಪರದೆ ಸರಿಸಿದಳು. ಪೂಜಿತಾ ಕಾರಿನಲ್ಲಿ ಕೂತಿದ್ದಳು. ಗಾಜಿನ ಮೇಲೆ ವೈಪರ್ ಅತ್ತಿತ್ತ ಆಡುತ್ತಿತ್ತು. ಅಂದರೆ ಎಂಜಿನ್ ಚಾಲೂ ಆಗಿದೆ. ಹೊರಟುಹೋದರೆ?

"ಅಡುಗೆಮನೆಗೆ ಇನ್ಯಾರು ಹೋಗಿದ್ರು?"

"ನಾನೂ ಹೋಗಿದ್ದೆ, ನೀರು ಕುಡಿಯೋಕೆ," ಶಿವಕುಮಾರನ ಹೆಂಡತಿ ಮಧುಶ್ರೀ ಹೇಳಿದಳು. "ನನ್ನ ಮೇಲೂ ಅನುಮಾನನಾ? ನಾನು ವೈನ್ ಮುಟ್ಟೋಕೆ ಶುರು ಮಾಡಿದ್ದೇ ಯುಗಾದಿಗೆ. ಅದೂ ಚಕ್ರಪಾಣಿ ಅಣ್ಣ ಬರೀ ದ್ರಾಕ್ಷಿ ಅಂತ ಆಣೆ ಇಟ್ಟು ಹೇಳಿದ ಮೇಲೆ."

ಅದು ಎಲ್ಲರಿಗೂ ಗೊತ್ತಿದ್ದ ಕಥೆ. ಮಧುಶ್ರೀ ಅಮೆರಿಕಕ್ಕೆ ಬಂದು ಎಂಟು ವರ್ಷವಾದರೂ ಪೊಟ್ಟಣದ ಹಿಂಬದಿ ಓದದೆ ಏನನ್ನೂ ಬಾಯಿಗಿಟ್ಟವಳಲ್ಲ. ಚೀಸ್‌ನಲ್ಲಿ ಕರುವಿನ ಹೊಟ್ಟೆಯ ರಸ, ಮಿಠಾಯಿಯಲ್ಲಿ ಮೂಳೆಯ ಜೆಲಟಿನ್, ಬೀನ್ಸ್ ಡಬ್ಬಿಯಲ್ಲಿ ಹಂದಿ ಕೊಬ್ಬು, ಎಲ್ಲವನ್ನೂ ಹಿಡಿದವಳು ಅವಳೇ. ಅಂಗಡಿಯ ಸಾಲಿನಲ್ಲಿ ಅವಳು ಓದುತ್ತ ನಿಂತರೆ ಶಿವಕುಮಾರ್ ಕಾರಿನಲ್ಲಿ ಒಂದು ನಿದ್ದೆ ಮುಗಿಸುತ್ತಿದ್ದ. ಇವರೆಲ್ಲರೂ ಸಸ್ಯಾಹಾರಿಗಳೇ. ಏನು ತಿನ್ನಬಾರದೆಂದು ಕಲಿತದ್ದು ಮಾತ್ರ ಅವಳಿಂದಲೇ.

ಸುಪ್ರಿಯಾ ಬಾಟಲಿ ಎತ್ತಿಕೊಂಡಳು. ಮುಂದುಗಡೆ ನೀಲಗಿರಿ ಮರದ ಚಿತ್ರದ ಲೇಬಲ್ ಬಿಗಿಯಾಗಿ ಅಂಟಿಕೊಂಡಿತ್ತು. ತಿರುಗಿಸಿದಳು. ಹಿಂದೆ ಬರೀ ಗಾಜು. ಹೆಬ್ಬೆರಳಿನಿಂದ ಸವರಿದಳು.

"ಹಿಂದಿನ ಲೇಬಲ್ ಎಲ್ಲಿ?"

"ಐಸಲ್ಲಿ ನೆನೆದು ಬಿದ್ದುಹೋಗಿರತ್ತೆ," ಎಂದ ಚಕ್ರಪಾಣಿ.

ಸುಪ್ರಿಯಾ ಎದ್ದು ಹೋಗಿ ಅಡುಗೆಮನೆಯಿಂದ ಬಕೆಟ್ ತಂದಳು. ಕೈಹಾಕಿ ತಡಕಿದಳು. ಐಸು, ನೀರು ಬಿಟ್ಟರೆ ಏನೂ ಇಲ್ಲ.

"ಬಿದ್ದಿದ್ರೆ ಇಲ್ಲಿರಬೇಕಿತ್ತು. ಅದೇ ನೀರಲ್ಲಿ ಮುಂದಿನದು ಅಲುಗಾಡಿಲ್ಲ, ಹಿಂದಿನದು ಮಾತ್ರ ಮಾಯ. ಉಗುರಿನ ಗೀರು ಬೇರೆ ಇದೆ. ಅಂಟು ಇನ್ನೂ ಬೆರಳಿಗೆ ಹತ್ತತಾ ಇದೆ ನೋಡು ರಜನಿ. ಯಾರೋ ಈಗ ತಾನೆ ಕಿತ್ತಿದಾರೆ."

"ಲೇಬಲ್ ತಗೊಂಡು ಏನ್ಮಾಡ್ತೀಯಾ?" ರಜನಿಗೆ ಅಳು ಒತ್ತಿಕೊಂಡು ಬಂತು. "ಅಲ್ಲಿ ಆ ಹುಡುಗಿ ಹೊರಟಿದಾಳೆ! ಇವನು ಕುಡಿದಿದಾನೋ ಇಲ್ವೋ, ಅಷ್ಟು ಹೇಳು!"

"ಅದನ್ನೇ ಹೇಳೋಕೆ ಹೊರಟಿದೀನಿ. ಯುಗಾದಿಗೆ ಕುಡಿದ್ವಲ್ಲ, ಇದೇ ವೈನು, ಆ ಖಾಲಿ ಬಾಟಲಿ ಏನ್ಮಾಡ್ದೆ?"

"ಒಂದು ಕಸಕ್ಕೆ ಹೋಯ್ತು. ಇನ್ನೊಂದು—" ರಜನಿ ಅಡುಗೆಮನೆಯ ಕಡೆ ನೋಡಿದಳು. "ಇನ್ನೊಂದರಲ್ಲಿ ಮನಿ ಪ್ಲಾಂಟ್ ಹಾಕಿದೀನಿ. ಚೆನ್ನಾಗಿತ್ತು ಬಾಟಲಿ, ಎಸೆಯೋಕೆ ಮನಸ್ಸು ಬರಲಿಲ್ಲ."

ಚಕ್ರಪಾಣಿ ಎದ್ದು ನಿಂತ. "ಅದ್ಯಾಕೆ ಈಗ? ಹೋಗ್ಲಿ ಬಿಡಿ. ಒಂದು ಬಾಟಲಿ ತಾನೇ?"

ಬಿಡುವವಳಲ್ಲ ಸುಪ್ರಿಯಾ. ಕಿಟಕಿಯ ಕಟ್ಟೆಯಿಂದ ಹಸಿರು ಬಳ್ಳಿಯ ಸಮೇತ ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟಳು. ಕಿಟಕಿಯ ಗಾಜಿಗೆ ಮುಖ ಮಾಡಿದ್ದ ಹಿಂಬದಿಯನ್ನು ತಿರುಗಿಸಿ ಸಣ್ಣ ಅಕ್ಷರದ ಕಡೆಯ ಸಾಲನ್ನು ಕನ್ನಡದಲ್ಲೇ ಓದಿ ಹೇಳಿದಳು.

"ಈ ವೈನ್ ತಯಾರಿಕೆಯಲ್ಲಿ ಮೀನಿನ ಪದಾರ್ಥ ಬಳಸಲಾಗಿದೆ. ಅದರ ಅಂಶ ಉಳಿದಿರಬಹುದು."

ಮಧುಶ್ರೀಯ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. "ಮೀನಾ? ದ್ರಾಕ್ಷಿ ರಸದಲ್ಲಿ ಮೀನಾ?"

"ಆಸ್ಟ್ರೇಲಿಯಾದಲ್ಲಿ ಹೀಗೆ ಬರೀಬೇಕು ಅಂತ ಕಾನೂನಿದೆ ಅನ್ಸತ್ತೆ. ಇಲ್ಲಿ ಕೊಂಡ ಬಾಟಲಿಗಳ ಹಿಂದೆ ಬಸುರಿಯರು ಕುಡೀಬೇಡಿ ಅಂತಿದೆಯೇ ಹೊರತು ಒಳಗೇನಿದೆ ಅಂತಿಲ್ಲ. ಅದಕ್ಕೇ ಬಾಟಲಿಯ ಹಿಂದೆ ಓದೋ ಅಭ್ಯಾಸ ನಮಗೆ ಯಾರಿಗೂ ಆಗಲಿಲ್ಲ." ಸುಪ್ರಿಯಾ ಎಲ್ಲರ ಮುಖವನ್ನೂ ನೋಡಿದಳು. "ಈಗ ಹೇಳಿ. ಕುಡಿಯೋ ಚಟಕ್ಕೆ ಕದ್ದವನು ಲೇಬಲ್ ಯಾಕೆ ಕೀಳ್ತಾನೆ? ಅವನಿಗೆ ಬಾಟಲಿ ಮುಂಚಿನ ಹಾಗೇ ಕಾಣಬೇಕು. ಸುಹಾಸ್ ಹಿಂದೆ ಮಾಡ್ತಿದ್ದಾಗ ಯಾವತ್ತಾದ್ರೂ ಲೇಬಲ್ ಕಿತ್ತಿದ್ನಾ, ರಜನಿ?"

"ಇಲ್ಲ."

"ಲೇಬಲ್ ಕಿತ್ತವನಿಗೆ ಬೇಕಾಗಿದ್ದು ವೈನಲ್ಲ. ಈ ಸಾಲನ್ನ ಯಾರೂ ಓದಬಾರದು, ಈ ವೈನನ್ನ ಯಾರೂ ಕುಡೀಬಾರದು. ಎರಡೂ ಬೇಕಿತ್ತು. ಇದನ್ನ ಓದಿದ್ರೆ ಯಾರ ಆಣೆ ಸುಳ್ಳಾಗತ್ತೆ?"

ಎಲ್ಲರೂ ಚಕ್ರಪಾಣಿಯ ಕಡೆ ತಿರುಗಿದರು. ಯುಗಾದಿಯ ದಿನ ಎದೆ ಮುಟ್ಟಿಕೊಂಡು 'ದ್ರಾಕ್ಷಿ ಬಿಟ್ಟು ಬೇರೇನೂ ಇಲ್ಲ ತಾಯಿ, ನನ್ನಾಣೆ' ಎಂದಿದ್ದ ದನಿ ಎಲ್ಲರ ಕಿವಿಯಲ್ಲೂ ಇತ್ತು.

"ಇನ್ನೊಂದು," ಸುಪ್ರಿಯಾ ದನಿ ತಗ್ಗಿಸಿದಳು. "ಇವತ್ತು ನೀವು ಬಣ್ಣ ನೋಡಲೇ ಇಲ್ಲ ಚಕ್ರಪಾಣಿ. ಮೂಗಿಗೂ ಹಿಡೀಲಿಲ್ಲ. ಬಗ್ಗಿಸಿದವರೇ ನೇರ ಬಾಯಿಗಿಟ್ರಿ, ನೀರು ಅಂದ್ರಿ. ರೀಸ್ಲಿಂಗ್ ತಿಳಿ ಹಳದಿ, ಬಣ್ಣ ನೋಡಿದ್ರೆ ಕುಡಿಯೋ ಮೊದಲೇ ಗೊತ್ತಾಗ್ತಿತ್ತು. ಮುಚ್ಚಳನೂ ಅಡುಗೆಮನೆಯಲ್ಲೇ ತೆಗೆದುಕೊಂಡು ಬಂದ್ರಿ. ಯಾವತ್ತೂ ಎಲ್ಲರೆದುರು ಕಟಕ್ ಅನ್ನಿಸಿ ತೆಗೆಯೋರು ನೀವು. ಆ ಬಾಟಲಿ ಖಾಲಿ ಮಾಡಿದ್ದು ನೀವೇ."

ಇದೆಲ್ಲ ರಜನಿಯ ಕಣ್ಣೆದುರೇ ಆಗಿತ್ತು. ಆದರೆ ಆ ಹೊತ್ತಿಗೆ ಅವಳ ಕಣ್ಣು ತಮ್ಮನನ್ನು ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ.

ಚಕ್ರಪಾಣಿ ಮತ್ತೆ ಕುರ್ಚಿಯಲ್ಲಿ ಕೂತ. "ಬಾಟಲಿ ಒರೆಸೋವಾಗ ಕಣ್ಣಿಗೆ ಬಿತ್ತು. ವೈನ್ ತಿಳಿಯಾಗಲಿ ಅಂತ ಮೀನಿನ ಹೊಟ್ಟೆಯಿಂದ ಮಾಡಿದ ಅಂಟು ಹಾಕ್ತಾರಂತೆ, ಎಲ್ಲೋ ಓದಿದ್ದೆ. ನಾನು ತಂದಿದ್ದರಲ್ಲೇ ಇರತ್ತೆ ಅಂದ್ಕೊಂಡಿರಲಿಲ್ಲ. ಅಷ್ಟರಲ್ಲಿ ನೀವೆಲ್ಲ ಬಂದುಬಿಟ್ರಿ, ಬಾಟಲಿ ನೋಡಿಬಿಟ್ರಿ. ಗೊತ್ತಿದ್ದೂ ಮಧುಶ್ರೀಗೆ ಕುಡಿಸೋಕೆ ಮನಸ್ಸು ಒಪ್ಪಲಿಲ್ಲ. ಯುಗಾದಿಗೆ ಕುಡಿಸಿದ್ದೀನಿ ಅಂತ ಹೇಳೋಕೆ ಬಾಯಿ ಬರಲಿಲ್ಲ. ಸಿಂಕಿಗೆ ಸುರಿದುಬಿಟ್ಟೆ. ಕೆಟ್ಟ ಬಾಟಲಿ ಬಂತು ಅಂತ ಎಲ್ಲರೂ ನಕ್ಕು ಸುಮ್ಮನಾಗ್ತೀರಿ ಅಂದ್ಕೊಂಡೆ."

"ನಮ್ಮ ಸುಹಾಸನ ಹೆಸರು ಬಂದಾಗ?" ರಜನಿ ಕೇಳಿದಳು.

ಅವನು ಮೇಜಿನ ಮೇಲಿನ ಗ್ಲಾಸನ್ನು ಆಚೆ ಸರಿಸಿದ.

"ಹೇಳ್ರೀ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ರು, ನೀವು ನೋಡ್ತಾ ಕೂತಿದ್ರಿ. ನಾನು ಅವನ ಬಾಯಿ ಮೂಸ್ತಿದ್ದೆ, ಆಗಲೂ ಕೂತಿದ್ರಿ! ಮೀನು ಹಾಳಾಗಿ ಹೋಗ್ಲಿ. ಒಂದು ಮಾತು ಆಡೋಕೆ ಆಗಲಿಲ್ವಾ?"

"ಹೆದರಿದೆ," ಎಂದ ಚಕ್ರಪಾಣಿ. "ಒಂದು ನಿಮಿಷ ತಡ ಮಾಡಿದೆ, ಆಮೇಲೆ ಹೇಳೋಕೆ ಆಗಲೇ ಇಲ್ಲ."

ಮಧುಶ್ರೀ ಕಣ್ಣೊರೆಸಿಕೊಳ್ಳುತ್ತಿದ್ದಳು. ಶಿವಕುಮಾರ್ ತನ್ನ ಗಾದೆಯನ್ನು ನುಂಗಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಹೊರಗೆ ಕಾರು ಹಿಮ್ಮುಖವಾಗಿ ಚಲಿಸಿದ ಸದ್ದು.

"ಹೋಗಿ," ರಜನಿ ಗಂಡನ ತೋಳು ಹಿಡಿದು ಎಬ್ಬಿಸಿದಳು. "ನೀವೇ ಹೋಗಿ ಹೇಳಿ. ಇನ್ಯಾರು ಹೇಳಿದ್ರೂ ಅವಳು ನಂಬಲ್ಲ."

ಚಕ್ರಪಾಣಿ ಕಾಲಿಗೆ ಚಪ್ಪಲಿಯೂ ಇಲ್ಲದೆ ತುಂತುರಿನಲ್ಲಿ ಓಡಿದ. ರಜನಿ ಬಾಗಿಲಲ್ಲಿ ನಿಂತು ನೋಡಿದಳು. ರಸ್ತೆಗೆ ತಿರುಗಿದ್ದ ಕಾರು ನಿಂತಿತು. ಗಾಜು ಇಳಿಯಿತು. ಅವನು ಬಗ್ಗಿ ಏನೋ ಹೇಳುತ್ತಲೇ ಇದ್ದ, ಪೂಜಿತಾ ಮುಂದೆ ನೋಡುತ್ತ ಕೇಳುತ್ತಲೇ ಇದ್ದಳು. ಆಮೇಲೆ ಬಾಗಿಲು ತೆರೆದು ಇಳಿದಳು. ಒಳಗೆ ಬರಲಿಲ್ಲ. ಕಾರನ್ನು ಸುತ್ತಿ ಬಂದು ಇನ್ನೊಂದು ಬದಿಯ ಸೀಟಿನಲ್ಲಿ ಕೂತು ಮೆಟ್ಟಿಲ ಕಡೆ ಕೂಗಿದಳು.

"ಸುಹಾಸ್, ಬಾ. ನೀನೇ ಡ್ರೈವ್ ಮಾಡು."

ಲೈಸೆನ್ಸ್ ಮರಳಿ ಸಿಕ್ಕಿ ತಿಂಗಳುಗಳಾಗಿದ್ದರೂ ಅವನು ಓಡಿಸುವ ಕಾರಿನಲ್ಲಿ ಪೂಜಿತಾ ಒಂದು ದಿನವೂ ಕೂತಿರಲಿಲ್ಲ. ಸುಹಾಸ್ ಕುರ್ಚಿ ಬಿಟ್ಟು ಎದ್ದ. ಕಣ್ಣು ಕೆಂಪಾಗಿತ್ತು. ಜಾಕೆಟ್ ಹಾಕಿಕೊಂಡು ಅಕ್ಕನ ಮುಂದೆ ಹಾದುಹೋಗುವಾಗ ರಜನಿ ಅವನ ಕೈ ಹಿಡಿದಳು.

"ತಪ್ಪಾಯ್ತು ಕಣೋ. ಎಲ್ಲರ ಮುಂದೆ ಹಾಗೆ ಮಾಡಬಾರದಿತ್ತು. ನನ್ನನ್ನ ಕ್ಷಮಿಸು."

ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಭಾವನ ಮೇಲೆ ಅಷ್ಟು ಸಿಟ್ಟಿಲ್ಲ ಅಕ್ಕ," ಎಂದ. "ನಾನು ಕುಡಿದಿಲ್ಲ ಅಂತ ಅವರಿಗೆ ಗೊತ್ತಿತ್ತು, ಅವರು ನನ್ನನ್ನ ಅನುಮಾನಿಸಲಿಲ್ಲ. ನಿನಗೆ ಗೊತ್ತಿರಲಿಲ್ಲ, ಆದರೂ ನನ್ನ ಮಾತು ನಂಬದೆ ಬಾಯಿ ಬಿಡು ಅಂದೆ."